ನಂದಿಬೆಟ್ಟದ ದಾರಿಯಲ್ಲಿ ಹಿರಿಯ ಸವಾರರು

ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ನಂದಿಬೆಟ್ಟವು ಸಮುದ್ರಮಟ್ಟಕ್ಕಿಂತ 1,478 ಮೀಟರು ಎತ್ತರವುಳ್ಳದ್ದು. ಅದರ ತಿರುವುಗಳನ್ನು ಬೈಸಿಕಲ್ಲಿನಲ್ಲಿ ಏರುವುದು ತರುಣರಿಗೂ ಶ್ರಮವೇ. ಅರುವತ್ತು ದಾಟಿದ ನಮ್ಮ ಮಿತ್ರರೊಬ್ಬರು ನಡುನೋವಿಗೆ ಬೇಸತ್ತು ಸವಾರಿಯನ್ನೇ ತ್ಯಜಿಸಲು ನಿಶ್ಚಯಿಸಿದ್ದರು. ವಯಸ್ಸಾದಂತೆ ಬೆನ್ನೂ ತೊಡೆಯ ಹಿಂಭಾಗದ ಸ್ನಾಯುಗಳೂ ಬಿಗಿಯುವುದರಿಂದ, ಯೌವನದಲ್ಲಿ ಒಗ್ಗಿದ್ದ ಬಾಗು ಈಗ ಒಗ್ಗದು. ಆದುದರಿಂದ ನಾವು ಅವರ ಹ್ಯಾಂಡಲನ್ನು ಎರಡು ಬೆರಳಷ್ಟು ಎತ್ತರಿಸಿ ಮೈಯ ಹತ್ತಿರಕ್ಕೆ ತಂದೆವು. ಪೆಡಲು ಕೆಳಗಿಳಿದಾಗ ಮೊಣಕಾಲು ತುಸು ಬಾಗಿರುವಂತೆ ಸೀಟನ್ನು ನಿಲ್ಲಿಸಿದೆವು. ಮುಂದಿನ ಭಾನುವಾರ ಅವರು ಎರಡು ಕಡೆ ನಿಂತು ದಣಿವಾರಿಸಿಕೊಂಡು, ನಮ್ಮೊಡನೆ ಕೋಟೆಯ ಬಾಗಿಲನ್ನು ಸೇರಿದರು. ಹೊಸ ಬೈಸಿಕಲ್ಲು ಕೊಳ್ಳುವ ಹಿರಿಯರು ಮುಂಭಾಗ ಎತ್ತರವಾಗಿಯೂ ಹಿಡಿ ಸಮೀಪವಾಗಿಯೂ ಇರುವ ಚೌಕಟ್ಟನ್ನೇ ಆರಿಸಬೇಕು. ಹಳೆಯದನ್ನು ಮಾರುವ ಮುನ್ನ ಈ ಅಳತೆಗಳನ್ನೊಮ್ಮೆ ಸರಿಪಡಿಸಿ ನೋಡುವುದು ಲೇಸು.