ಸೂರಿನ ನೀರು

ಸಾಗರ
2024 ಜುಲೈ 7, ಭಾನುವಾರ

ಪುನರ್ವಸು ಮಳೆ ಹಿಡಿದು ಎರಡು ದಿನ. ಅಂಗಳಕ್ಕೆ ಇಳಿಯುವ ಹಾಗಿಲ್ಲ. ವರ್ಷದಿಂದ ಅಟ್ಟದಲ್ಲಿದ್ದ ಡಬ್ಬಿಯನ್ನು ಇಳಿಸಿ ಬಿಚ್ಚಿದೆ. ಲೇಸರ್‌ನಲ್ಲಿ ಕತ್ತರಿಸಿದ ತೆಳು ಮರದ ಗೋಡೆಗಳು, ಕಿಟಕಿಯ ಚೌಕಟ್ಟುಗಳು, ಎರಡು ಬಾಗಿಲು, ಚಾವಣಿಯ ಎರಡು ಮಗ್ಗುಲು. ಊರಾಚೆಯ ಸಣ್ಣ ರೈಲು ನಿಲ್ದಾಣದ ಕಿಟ್ ಇದು. ಅಳತೆ ಎಚ್‌ಒ, ಅಂದರೆ 1:87. ಏಳಡಿಯ ಬಾಗಿಲು ಇಲ್ಲಿ ಇಪ್ಪತ್ತನಾಲ್ಕೂವರೆ ಮಿಲಿಮೀಟರ್.

ಕಿಟ್ ಯಾವ ದೇಶದ್ದಾದರೂ ನನ್ನ ಮನಸ್ಸಿನಲ್ಲಿರುವುದು ಮೀಟರ್ ಗೇಜ್ ಕಾಲದ ತಾಳಗುಪ್ಪ ಮಾರ್ಗದ ನಿಲ್ದಾಣ. ಆ ಪುಟ್ಟ ಗಾಡಿಯಲ್ಲಿ ಅಪ್ಪನ ಪಕ್ಕ ಕೂತು ಶಿವಮೊಗ್ಗಕ್ಕೆ ಹೋದದ್ದು ಇನ್ನೂ ಕಣ್ಣಲ್ಲಿದೆ. ಈ ಮಾದರಿಯ ಮುಂದೆ ಹಾಸುವ ಹಳಿಯೂ ಮೀಟರ್ ಗೇಜಿಗೆ ಹೊಂದುವ 12 ಮಿಲಿಮೀಟರ್‌ನದ್ದೇ ಆಗಬೇಕು.

ಜುಲೈ 10, ಬುಧವಾರ

ಗೋಡೆಗಳಿಗೆ ಒಳಗೂ ಹೊರಗೂ ಬಣ್ಣ ಹೊಡೆದೆ. ಒಂದೇ ಬದಿಗೆ ಬಳಿದರೆ ಆ ಬದಿ ಮಾತ್ರ ನೀರು ಕುಡಿದು ಹಲಗೆ ದೋಣಿಯ ಹಾಗೆ ಬಾಗುತ್ತದೆ. ಈ ಥಂಡಿಯಲ್ಲಂತೂ ಕೇಳುವುದೇ ಬೇಡ. ಒಳಬದಿಗೆ ಅಡ್ಡಪಟ್ಟಿಗಳನ್ನು ಅಂಟಿಸಿ, ಮೇಲೆ ನಿಘಂಟು ಹೇರಿ ರಾತ್ರಿಯಿಡೀ ಬಿಟ್ಟೆ. ಹೊರಗೋಡೆಯ ಬಣ್ಣಕ್ಕೆ ಚಿಟಿಕೆ ಟಾಲ್ಕಂ ಪೌಡರ್ ಬೆರೆಸಿದ್ದೆ. ಒಣಗಿದ ಮೇಲೆ ಸುಣ್ಣ ಬಳಿದ ಗಾರೆಯ ಹಾಗೇ ತರಿತರಿಯಾಗಿದೆ.

ಬಾಗಿಲುಗಳಿಗೆ ಬೇರೆ ಉಪಚಾರ. ಹಿತ್ತಾಳೆ ತಂತಿಯ ಬ್ರಷ್ಷಿನಿಂದ ನಾರಿನ ಉದ್ದಕ್ಕೆ ಉಜ್ಜಿ ಗೆರೆ ಎಬ್ಬಿಸಿದೆ. ಸ್ಪಿರಿಟ್‌ಗೆ ನಾಲ್ಕು ಹನಿ ಇಂಡಿಯನ್ ಇಂಕ್ ಹಾಕಿ ಸವರಿದೆ. ಶಾಯಿ ಗೆರೆಯೊಳಗೆ ಇಳಿದು ನಿಂತಿತು. ಮರಕ್ಕೆ ನಲವತ್ತು ವರ್ಷ ವಯಸ್ಸಾಯಿತು.

ಜುಲೈ 14, ಭಾನುವಾರ

ಮಳೆ ತಿಂದ ಗೋಡೆ ನೋಡಲೆಂದು ಅರಸಾಳಿಗೆ ಹೋಗಿ ಬಂದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಬಳಸಿಕೊಂಡ ಹಳೆಯ ನಿಲ್ದಾಣದ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಬಿದ್ದುಹೋಗದೆ ಉಳಿಯಿತಲ್ಲ ಎಂದು ಸಂತೋಷವಾಯಿತು. ಆದರೆ ರಿಪೇರಿಯಾಗಿ ಹೊಸ ಬಣ್ಣ ಕಂಡ ಗೋಡೆಯಲ್ಲಿ ಮಳೆಯ ಗುರುತು ಹುಡುಕಲಾಗದು. ನನಗೆ ಬೇಕಾದ ಪಾಠ ಇದ್ದದ್ದು ನಮ್ಮ ಮನೆಯ ಪಡುಗೋಡೆಯಲ್ಲೇ.

ಸಂಜೆ ಕೊಡೆ ಹಿಡಿದು ಮನೆಯ ಸುತ್ತ ಬಂದೆ. ಇರಚಲು ಹೊಡೆಯುವ ಪಡುವಣ ಬದಿ ಪೂರಾ ಹಸಿರು. ಮೂಡಣ ಬದಿಯಲ್ಲಿ ಬರೀ ಬೂದು. ಕಿಟಕಿಯ ಎರಡು ಮೂಲೆಯಿಂದ ಕಪ್ಪು ಗೆರೆ ಇಳಿದಿದೆ, ನಡುವಿನಿಂದ ಇಳಿದಿಲ್ಲ. ನೆಲದ ಕೆಮ್ಮಣ್ಣು ಸಿಡಿದ ಕಲೆಗೆ ಟೇಪು ಹಿಡಿದೆ: ಒಂದೂವರೆ ಅಡಿ. 87ರಿಂದ ಭಾಗಿಸಿದರೆ ಐದು ಮಿಲಿಮೀಟರ್ ಚಿಲ್ಲರೆ. ನನ್ನ ಗೋಡೆಯ ಕೆಂಪು ಅಷ್ಟಕ್ಕೇ ನಿಲ್ಲಬೇಕು. ಮಾದರಿಯಲ್ಲಿ ಒಂದು ಮಿಲಿಮೀಟರ್ ಕೈ ತಪ್ಪಿದರೆ ನಿಜದಲ್ಲಿ ಸುಮಾರು ಎಂಟೂಮುಕ್ಕಾಲು ಸೆಂಟಿಮೀಟರ್ ತಪ್ಪಿದಂತೆ.

ಜುಲೈ 18, ಗುರುವಾರ

ಕಿಟ್‌ನ ಜೊತೆ ಬಂದದ್ದು ಮರದ ಚಕ್ಕೆಯ ಚಾವಣಿ. ನಮ್ಮ ಕಡೆಯ ನಿಲ್ದಾಣಕ್ಕೆ ಅದು ಒಗ್ಗುವುದಿಲ್ಲ, ಮಂಗಳೂರು ಹೆಂಚೇ ಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಒಂದರ ಅಂಚು ಇನ್ನೊಂದನ್ನು ಕಚ್ಚಿ ಕೂರುವ ಈ ಹೆಂಚು ಘಟ್ಟ ಹತ್ತಿ ಮಲೆನಾಡಿನ ತಲೆ ಕಾಯಿತು. ಹದಿನಾರು ಅಂಗುಲದ ಹೆಂಚು ಇಲ್ಲಿ 4.7 ಮಿಲಿಮೀಟರ್.

ದಪ್ಪ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಹೆಂಚಿನ ಕಾಲುವೆ ಮೂಡಿಸಿದೆ. ಸೂರಿನಿಂದ ಶುರುಮಾಡಿ ಒಂದರ ಮೇಲೊಂದು ಪಟ್ಟಿ ಹೊದಿಸುತ್ತ ನೆತ್ತಿಗೆ ಹೋದೆ. ಹೆಂಚು ಹೊದಿಸುವವರು ಹಾಗೇ ಹೋಗುತ್ತಾರೆ. ಮಗ್ಗುಲಿಗೆ ಹದಿಮೂರು ಸಾಲು. ಕುತ್ತಿಗೆ ನೋಯುತ್ತಿದೆ, ಮನಸ್ಸು ತುಂಬಿದೆ.

ಜುಲೈ 21, ಭಾನುವಾರ

ಪುಷ್ಯ ಮಳೆ ಶುರುವಾದದ್ದೇ ಜೋರು. ಇಡೀ ದಿನ ಹಳತು ಮಾಡುವ ಕೆಲಸ. ಬಣ್ಣದ ಸೀಮೆಸುಣ್ಣ ಕೆರೆದು ತೆಗೆದ ಪುಡಿಯಿಂದ ಕಪ್ಪು, ಹಸಿರು, ಕಾವಿ ಹಚ್ಚಿದೆ. ಬಣ್ಣ ಹತ್ತಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಉಳಿದ ಪಸೆಯಷ್ಟನ್ನೇ ಹೆಂಚಿನ ಏಣುಗಳ ಮೇಲೆ ಎಳೆದೆ. ಏಣುಗಳು ಬಿಸಿಲು ತಿಂದಂತೆ ತಿಳಿಯಾದವು.

ಪುಡಿ ಉದುರದಿರಲೆಂದು ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದೆ. ಅದೇ ತಪ್ಪಾಯಿತು. ಹತ್ತು ನಿಮಿಷದಲ್ಲಿ ಕಟ್ಟಡವಿಡೀ ಮಂಜು ಕವಿದಂತೆ ಬಿಳಿಚಿತು. ವಾರ್ನಿಷ್‌ನ ದ್ರಾವಕ ಬೇಗ ಆರುವಾಗ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಗೊತ್ತಿದ್ದೂ ಅವಸರ ಮಾಡಿದೆ. ಎರಡು ವಾರದ ಕೆಲಸ ಕಣ್ಣೆದುರೇ ಮಾಸಿದಾಗ ಎದೆ ಹಿಂಡಿತು.

ಜುಲೈ 23, ಮಂಗಳವಾರ

ಒದ್ದೆ ಬಟ್ಟೆ ಹರವುವ ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ ಎರಡು ರಾತ್ರಿ ಇಟ್ಟು ಒಣಗಿಸಿದೆ. ಬೆಳಿಗ್ಗೆ ಮಳೆ ಹೊಳವಾದಾಗ ಜಗುಲಿಗೆ ತಂದು ತೆಳ್ಳಗೆ ಇನ್ನೊಂದು ಕೈ ಸಿಂಪಡಿಸಿದೆ. ಹಳೆಯ ಪದರ ಕರಗಿ ಕೂಡಿಕೊಂಡು ಬಿಳುಪು ಇಳಿಯಿತು. ಮಾಸಿದ ಕಡೆ ಪುಡಿ ಮತ್ತೆ ಹಚ್ಚಿದೆ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿ ಕೇಳಿದಳು: “ಇದರೊಳಗೆ ಯಾರೂ ಇಲ್ವೇನಾ?”

“ಸ್ಟೇಷನ್ ಮಾಸ್ಟರ್ ಇರ್ತಾರಲ್ಲ ಅಮ್ಮ.”

“ಇದ್ದಿದ್ರೆ ಹೆಂಚು ಕೈಯಾಡಿಸ್ತಿರಲಿಲ್ವಾ? ಮಳೆಗಾಲಕ್ಕೆ ಮುಂಚೆ ಯಾರಾದ್ರೂ ಮಾಡಿಗೆ ಹತ್ತಲೇಬೇಕು.”

ಆ ಮಾತು ರಾತ್ರಿಯವರೆಗೂ ಬಿಡಲಿಲ್ಲ. ನಾನು ನೀರಿನ ಕೆಲಸವನ್ನಷ್ಟೇ ಬರೆದಿದ್ದೆ. ಮನುಷ್ಯರ ಕೈ ಬರೆದಿರಲಿಲ್ಲ. ಜನ ಇರುವ ಕಟ್ಟಡ ಹಳತಾಗುವ ಬಗೆಯೇ ಬೇರೆ. ಅದು ಪ್ರತಿ ವರ್ಷ ಅಷ್ಟಷ್ಟು ಹಾಳಾಗುತ್ತದೆ, ಅಷ್ಟಷ್ಟು ದುರಸ್ತಿಯಾಗುತ್ತದೆ. ಎರಡೂ ಕಂಡರೇ ಅದು ನಿಜ.

ಜುಲೈ 28, ಭಾನುವಾರ

ಮಂಗ ಹಾರಿ ಒಡೆದ ಜಾಗಕ್ಕೆ ಬದಲಿ ಹಾಕಿದಂತೆ ಕಪ್ಪು ಹೆಂಚುಗಳ ನಡುವೆ ಏಳು ಹೊಸ ಕೆಂಪು ಹೆಂಚು ಕೂರಿಸಿದೆ. ಟಿಕೆಟ್ ಕಿಟಕಿಯ ಕಟ್ಟೆಯನ್ನು ಕೈ ಊರಿ ಊರಿ ನುಣುಪಾದಂತೆ ಉಜ್ಜಿದೆ. ಬಾಗಿಲ ಚಿಲಕದ ಸುತ್ತ ಬಣ್ಣ ಸವೆಸಿದೆ. ಗೋಡೆಯ ಒಂದು ಕಡೆ ಮಾತ್ರ ಹೊಸ ಸುಣ್ಣದ ತೇಪೆ.

ಅಮ್ಮ ಮತ್ತೆ ನೋಡಿದಳು. ಈ ಸಲ ಬೆರಳು ತೋರಿದ್ದು ನೆಲಕ್ಕೆ. “ಸೂರಿನ ನೀರು ಎಲ್ಲಿ ಬೀಳ್ತದೆ? ಕುಳಿ ಬೇಡ್ವಾ?”

ಕಿಟಕಿಯಿಂದ ನಮ್ಮ ಅಂಗಳದ ಅಂಚು ನೋಡಿದೆ. ಹೆಂಚಿಗೊಂದರಂತೆ ಸಾಲಾಗಿ ಕುಳಿಗಳು, ಒಂದೊಂದರಲ್ಲೂ ತೊಳೆದ ಸಣ್ಣ ಕಲ್ಲು. ಹುಟ್ಟಿದಾಗಿನಿಂದ ದಾಟಿಕೊಂಡು ಓಡಾಡಿದ ಸಾಲು ಅದು.

ಸೂಜಿ ತಗೊಂಡು ಕೂತೆ. ಪ್ರತಿ ಹೆಂಚಿನ ಕಾಲುವೆಯ ನೇರಕ್ಕೆ ಎರಡೂವರೆ ಮಿಲಿಮೀಟರ್‌ಗೊಂದು ಚುಕ್ಕಿ. ನಲವತ್ತೆಂಟು ಆದವು. ಅಮ್ಮ ಪಕ್ಕದಲ್ಲೇ ಕೂತು ಎಣಿಸಿದಳು.