ನೀರು ಇಳಿದರೆ ಜನ ಏರುವ ಊರು

ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆಯಲ್ಲಿ, ಎಕ್ಸ್‌ಮೂರ್ ಎಂಬ ಎತ್ತರದ ಬಯಲು ಕಡಲಿಗೆ ಥಟ್ಟನೆ ಬಿದ್ದುಬಿಡುವ ಕಡೆ, ಎರಡು ಅಂತಸ್ತಿನ ಒಂದು ಊರಿದೆ. ಕೆಳಗೆ ದಂಡೆಯಲ್ಲಿ ಲಿನ್ಮತ್. ಅದರ ನೆತ್ತಿಯ ಮೇಲೆ, ಸುಮಾರು 150 ಮೀಟರ್ ಎತ್ತರದಲ್ಲಿ, ಲಿಂಟನ್. ನಡುವೆ ಕಾಡು ಹಬ್ಬಿದ ಕಡಿದಾದ ಗುಡ್ಡ. ಮೇಲಿನ ಊರಿನ ಕಟ್ಟೆಗೆ ಒರಗಿ ಬಗ್ಗಿದರೆ ಕೆಳಗಿನ ಮನೆಗಳ ಹೊಗೆಗೂಡುಗಳಷ್ಟೇ ಕಾಣುತ್ತವೆ. ಬಾಗಿಲು ಕಾಣಬೇಕೆಂದರೆ ಇಳಿಯಬೇಕು. ಇಳಿದವರು ಮತ್ತೆ ಹತ್ತುವುದು ಹೇಗೆ ಎಂಬುದರಲ್ಲೇ ಈ ಊರಿನ ಅರ್ಧ ಚರಿತ್ರೆ ಅಡಗಿದೆ.

ಇಲ್ಲಿಗೆ ದೊಡ್ಡ ರೈಲು ಬರುವುದಿಲ್ಲ. ಎಕ್ಸೆಟರ್‌ನಿಂದ ಸಣ್ಣ ರೈಲುಮಾರ್ಗದಲ್ಲಿ ಬಾರ್ನ್‌ಸ್ಟಪಲ್, ಅಲ್ಲಿಂದ ಬಸ್ಸು. ಬಾರ್ನ್‌ಸ್ಟಪಲ್‌ನಿಂದ ಲಿಂಟನ್‌ವರೆಗೆ ನ್ಯಾರೋಗೇಜ್ ರೈಲೊಂದು 1898ರಲ್ಲಿ ಶುರುವಾಗಿತ್ತು, 1935ರಲ್ಲಿ ನಿಂತೇಹೋಯಿತು. ಬಸ್ಸಿನಿಂದ ಇಳಿದು ಲಿನ್ಮತ್‌ಗೆ ಹೋಗುವ ರಸ್ತೆಯ ಬದಿಯ ಫಲಕ ನೋಡಿದೆ: ಇಳಿಜಾರು ಶೇಕಡಾ 25. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಎದುರಿಗೆ ಹತ್ತುತ್ತಿದ್ದ ಕಾರುಗಳು ಫಸ್ಟ್ ಗೇರಿನಲ್ಲಿ ನರಳುತ್ತಿದ್ದವು. ಹಿಂದೆ ಇಷ್ಟು ರಸ್ತೆಯೂ ಇರಲಿಲ್ಲ. ಕಲ್ಲಿದ್ದಲು, ಸುಣ್ಣ, ದಿನಸಿ ಎಲ್ಲವೂ ಹಾಯಿಹಡಗಿನಲ್ಲಿ ಕೆಳಗಿನ ಧಕ್ಕೆಗೆ ಬಂದು, ಹೇರುಗುದುರೆಗಳ ಬೆನ್ನೇರಿ ಮೇಲಕ್ಕೆ ಹೋಗಬೇಕಿತ್ತು. ಆದರೂ ನೆಪೋಲಿಯನ್ನನ ಯುದ್ಧಗಳಿಂದಾಗಿ ಯುರೋಪಿಗೆ ಹೋಗಲಾರದೆ ಕುಳಿತಿದ್ದ ಇಂಗ್ಲಿಷ್ ಸಿರಿವಂತರಿಗೆ ಈ ಗುಡ್ಡಗಳೇ ಸ್ವಿಟ್ಜರ್ಲೆಂಡ್ ಆದವು. 1812ರಲ್ಲಿ ಕವಿ ಶೆಲ್ಲಿ ಎಳೆ ಹೆಂಡತಿಯೊಂದಿಗೆ ಬಂದು ಲಿನ್ಮತ್‌ನಲ್ಲಿ ನಿಂತಿದ್ದ. ಕಡಲು ನೋಡುತ್ತ ಸುಮ್ಮನೆ ಕೂತವನಲ್ಲ. ಸರ್ಕಾರಕ್ಕೆ ಹಿಡಿಸದ ಕರಪತ್ರಗಳನ್ನು ಬಾಟಲಿಗಳಲ್ಲಿ ತುಂಬಿ ಇದೇ ಕಡಲಿಗೆ ತೇಲಿಬಿಡುತ್ತಿದ್ದ!

ಆಮೇಲೆ ಉಗಿಹಡಗುಗಳು ಪ್ರವಾಸಿಗರನ್ನು ತಂದು ದಂಡೆಗೆ ಸುರಿಯತೊಡಗಿದವು. ದಂಡೆಯಲ್ಲಿ ನಿಂತು ಮೇಲೆ ನೋಡಿದವರ ಎದೆ ಅಲ್ಲೇ ಕುಸಿಯುತ್ತಿದ್ದಿರಬೇಕು. ಈ ಗಂಟನ್ನು ಬಿಡಿಸಿದ್ದು 1890ರ ಈಸ್ಟರ್ ಸೋಮವಾರ ಓಡಲು ಶುರುವಾದ ಗುಡ್ಡದ ರೈಲು. ಅದು ಇಂದಿಗೂ ಓಡುತ್ತಿದೆ.

ಈ ರೈಲಿಗೆ ಇಂಜಿನ್ ಇಲ್ಲ. ಉಗಿ, ಡೀಸೆಲ್, ವಿದ್ಯುತ್ ಯಾವುದೂ ಬೇಕಿಲ್ಲ. 263 ಮೀಟರ್ ಉದ್ದದ ಜೋಡಿ ಹಳಿ, ಅದರ ಮೇಲೆ ಎರಡು ಹಸಿರು ಡಬ್ಬಿಗಳು. ಒಂದು ಮೇಲಿದ್ದರೆ ಇನ್ನೊಂದು ಕೆಳಗೆ, ಎರಡನ್ನೂ ಉಕ್ಕಿನ ಹಗ್ಗದಿಂದ ರಾಟೆಯ ಮೂಲಕ ಬಿಗಿದಿದ್ದಾರೆ. ಪ್ರತಿ ಡಬ್ಬಿಯ ಹೊಟ್ಟೆಯಲ್ಲೂ ಮೂರು ಸಾವಿರ ಲೀಟರಿಗೂ ಮಿಗಿಲಾದ ನೀರು ಹಿಡಿಯುವ ತೊಟ್ಟಿ. ವೆಸ್ಟ್ ಲಿನ್ ಹೊಳೆಯಿಂದ ಕೊಳವೆಯಲ್ಲಿ ತಾನೇ ಹರಿದು ಬರುವ ನೀರು ಮೇಲಿನ ಡಬ್ಬಿಯ ತೊಟ್ಟಿಗೆ ತುಂಬುತ್ತದೆ. ಕೆಳಗಿನ ಡಬ್ಬಿಯ ಬ್ರೇಕಿನವನು ತನ್ನ ತೊಟ್ಟಿಯ ನೀರನ್ನು ಹೊರಬಿಡುತ್ತಾನೆ. ಮೇಲಿನದರ ಭಾರ ಹೆಚ್ಚಿದ ಕ್ಷಣ ಅದು ಇಳಿಯುತ್ತದೆ, ಇಳಿಯುತ್ತ ಕೆಳಗಿನದನ್ನು ಎಳೆದುಕೊಳ್ಳುತ್ತದೆ. ಕೆಳಗೆ ಜನ ಹೆಚ್ಚಿದ್ದರೆ ನೀರನ್ನು ಇನ್ನಷ್ಟು ಬಿಟ್ಟರಾಯಿತು. ಹಳೇ ಮೈಸೂರು ಕಡೆಯ ಕಪಿಲೆ ಬಾವಿ ನೋಡಿದವರಿಗೆ ಇದು ಚಕ್ಕನೆ ಅರ್ಥವಾಗುತ್ತದೆ. ಅಲ್ಲಿ ಎತ್ತು ಇಳಿದರೆ ನೀರು ಮೇಲೆ ಬರುತ್ತದೆ, ಇಲ್ಲಿ ನೀರು ಇಳಿದರೆ ಜನ ಮೇಲೆ ಬರುತ್ತಾರೆ.

ಡಬ್ಬಿಯ ಅಂಚಿನ ಕಟ್ಟೆಯಲ್ಲಿ ನಿಂತೆ. ತ್ರಿಕೋನದ ಚೌಕಟ್ಟಿನ ಮೇಲೆ ಕೂರಿಸಿರುವುದರಿಂದ ಗುಡ್ಡ ಎಷ್ಟೇ ಓರೆಯಾಗಿದ್ದರೂ ಕಾಲಡಿಯ ನೆಲ ಮಟ್ಟಸ. ಬ್ರೇಕಿನವನನ್ನು ಕೇಳಿದೆ, "ಕರೆಂಟು ಹೋದರೆ ಏನು ಮಾಡ್ತೀರಿ ಸರ್?" ಆತ ನಕ್ಕ. "ಓಡಿಸೋದಕ್ಕೆ ಕರೆಂಟೇ ಬೇಡವಲ್ಲ, ಹೋಗೋದೇನು ಬಂತು?" ಕೆಳಗೆ ನೀರು ಸುರಿಯುವ ಸದ್ದಾಯಿತು, ಡಬ್ಬಿ ಅಲುಗಿತು. ಬಂಡೆ ಕಡಿದು ಮಾಡಿದ ಇರುಕಿನಲ್ಲಿ ಜರಿಗಿಡಗಳು ಎರಡೂ ಬದಿ ಸರಿದುಹೋದವು. ನಡುದಾರಿಯಲ್ಲಿ ಇನ್ನೊಂದು ಡಬ್ಬಿ ಪಕ್ಕದಲ್ಲೇ ಇಳಿದುಹೋಯಿತು. ನಮ್ಮನ್ನು ಹತ್ತಿಸುತ್ತಿದ್ದವರು ಅವರೇ, ಅವರಿಗದರ ಗೊಡವೆಯೇ ಇಲ್ಲ, ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಹಿಂದಿರುಗಿ ನೋಡಿದರೆ ಬ್ರಿಸ್ಟಲ್ ಚಾನೆಲ್ಲಿನ ನೀರು ದೂರದ ವೇಲ್ಸ್ ದಂಡೆಯವರೆಗೂ ಹಾಸಿತ್ತು.

ಈ ರೈಲಿಗೆ ಹಣ ಹಾಕಿದವನು ಜಾರ್ಜ್ ನ್ಯೂನ್ಸ್ ಎಂಬ ಪ್ರಕಾಶಕ. ಷರ್ಲಾಕ್ ಹೋಮ್ಸನ ಕಥೆಗಳನ್ನು ಅಚ್ಚುಹಾಕಿದ 'ಸ್ಟ್ರ್ಯಾಂಡ್ ಮ್ಯಾಗಜಿನ್' ಅವನದೇ. ಕಟ್ಟಿಸಿದ ಎಂಜಿನಿಯರ್ ಜಾರ್ಜ್ ಕ್ರಾಯ್ಡನ್ ಮಾರ್ಕ್ಸ್. ಹೊಳೆಯಿಂದ ದಿನಕ್ಕೆ 60,000 ಗ್ಯಾಲನ್, ಅಂದರೆ ಸುಮಾರು 2.7 ಲಕ್ಷ ಲೀಟರ್ ನೀರನ್ನು ಎಂದೆಂದಿಗೂ ಬಳಸಿಕೊಳ್ಳಬಹುದೆಂದು 1888ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿತು. ಒಂದು ಪುಟ್ಟ ರೈಲಿಗೆ ಹೊಳೆಯ ಮೇಲೆ ಶಾಶ್ವತ ಹಕ್ಕು! ನನಗಂತೂ ಹಳಿಗಿಂತ ಈ ಕಾಗದವೇ ಹೆಚ್ಚು ಗಟ್ಟಿ ಅನ್ನಿಸಿತು.

ರೈಲು ಬರುವವರೆಗೆ ಮಾತ್ರವಲ್ಲ, ಬಂದ ಮೇಲೂ ಇಲ್ಲಿನವರ ತೋಳಿಗೆ ಕೆಲಸ ತಪ್ಪಲಿಲ್ಲ. 1899ರ ಜನವರಿ 12ರ ರಾತ್ರಿ 'ಫಾರೆಸ್ಟ್ ಹಾಲ್' ಎಂಬ ಹಡಗು ಬಿರುಗಾಳಿಗೆ ಸಿಕ್ಕಿತು. ಲಿನ್ಮತ್‌ನ ರಕ್ಷಣಾ ದೋಣಿ 'ಲೂಯಿಸಾ'ವನ್ನು ಅಲ್ಲಿನ ಅಲೆಗಳಿಗೆ ಇಳಿಸುವಂತಿರಲಿಲ್ಲ. ಹಾಗಾದರೆ ಪೋರ್ಲಾಕ್‌ನಲ್ಲಿ ಇಳಿಸೋಣ ಎಂದರು. ಪೋರ್ಲಾಕ್ ಇರುವುದು 21 ಕಿಲೋಮೀಟರ್ ಆಚೆ, ನಡುವೆ ಕೌಂಟಿಸ್‌ಬರಿ ಗುಡ್ಡ. ನೂರರಷ್ಟು ಜನ, ಇಪ್ಪತ್ತರ ಆಸುಪಾಸು ಕುದುರೆಗಳು, ಲಾಟೀನಿನ ಬೆಳಕು. ದೋಣಿಯನ್ನು ಗಾಡಿಯ ಮೇಲಿಟ್ಟು ಮಳೆಗಾಳಿಯಲ್ಲಿ ಗುಡ್ಡ ಹತ್ತಿಸಿದರು, ದಾರಿ ಸಾಲದ ಕಡೆ ಗೋಡೆ ಕೆಡವಿದರು, ಬೆಳಗಿನ ಹೊತ್ತಿಗೆ ಕಡಲಿಗೆ ಇಳಿಸಿದರು. ಹಡಗಿನಲ್ಲಿದ್ದ ಹದಿನೆಂಟು ಮಂದಿಯೂ ಬದುಕಿದರು. ಆ ಗುಡ್ಡದ ರಸ್ತೆಯನ್ನು ಬರಿಗೈಯಲ್ಲಿ ಅರ್ಧ ಹತ್ತುವಷ್ಟರಲ್ಲೇ ನನಗೆ ಉಸಿರು ಸಾಲದಾಯಿತು.

ಮೇಲಿನ ಊರಿನಿಂದ ನಾರ್ತ್ ವಾಕ್ ಎಂಬ ಕಾಲುದಾರಿ ಬಂಡೆಯ ಅಂಚಿಗೇ ಅಂಟಿಕೊಂಡು ಸಾಗುತ್ತದೆ. ಎಡಗೈಗೆ ಗೋಡೆಯಂಥ ಗುಡ್ಡ, ಬಲಗೈಗೆ ಬರೀ ಗಾಳಿ, ಅದರಡಿ ಕಡಲು. ಕೊನೆಗೆ ಸಿಗುವ ವ್ಯಾಲಿ ಆಫ್ ರಾಕ್ಸ್‌ನಲ್ಲಿ ಹೊಳೆಯಿಲ್ಲ, ಬರೀ ಬಂಡೆಗಳ ರಾಶಿ ಮತ್ತು ಯಾರ ಅಂಕೆಗೂ ಸಿಗದ ಮೇಕೆಗಳು. ಮನುಷ್ಯ ಕಾಲಿಡಲಾರದ ಚೂಪಿನ ಮೇಲೆ ನಿಂತು ಅವು ಮೆಲುಕು ಹಾಕುತ್ತಿದ್ದವು. ಕೆಳಗಿನಿಂದ ಈಸ್ಟ್ ಲಿನ್ ಹೊಳೆಗುಂಟ ನಡೆದರೆ ಎರಡು ನೀರು ಕೂಡುವ ವಾಟರ್ಸ್‌ಮೀಟ್. ಅಲ್ಲಿನ ಚಹಾ ಚೆನ್ನಾಗಿದೆ.

ಜನರನ್ನು ಎತ್ತುವ ಈ ನೀರೇ ಒಮ್ಮೆ ಊರನ್ನು ಕೊಚ್ಚಿದೆ. 1952ರ ಆಗಸ್ಟ್ 15ರಂದು ಎಕ್ಸ್‌ಮೂರ್ ಮೇಲೆ ಒಂದು ದಿನದಲ್ಲಿ 229 ಮಿಲಿಮೀಟರ್ ಮಳೆ ಸುರಿಯಿತು. ಆಗುಂಬೆಯವರು ಇದಕ್ಕೆ ಕೊಡೆ ಬಿಚ್ಚಿ ಹೊರಟಾರು. ಆದರೆ ಅಲ್ಲಿ ಮೊದಲೇ ನೆನೆದು ತುಂಬಿದ್ದ ನೆಲ ಹನಿಯನ್ನೂ ಹೀರಲಿಲ್ಲ, ಕಣಿವೆಗಳು ಕಿರಿದು, ಇಳಿಜಾರು ಕಡಿದು. ಕಟ್ಟಡಗಳಿಗೆ ಜಾಗ ಮಾಡಲೆಂದು ವೆಸ್ಟ್ ಲಿನ್ ಹೊಳೆಯನ್ನು ಇಕ್ಕಟ್ಟಿನ ಕಾಲುವೆಗೆ ತಿರುಗಿಸಿದ್ದರು. ಆ ರಾತ್ರಿ ಅದು ತನ್ನ ಹಳೇ ದಾರಿಯನ್ನೇ ಹಿಡಿಯಿತು. 34 ಜನ ಸತ್ತರು, ನೂರಕ್ಕೂ ಹೆಚ್ಚು ಕಟ್ಟಡಗಳು ಹಾಳಾದವು. ಈಗ ಲಿನ್ಮತ್‌ನ ನಡುವೆ ಹೊಳೆಗೆ ಅಗಲವಾದ ಪಾತ್ರ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಅದು ತೀರ ದೊಡ್ಡದು ಅನ್ನಿಸುತ್ತದೆ, ಹಾಗೆ ಅನ್ನಿಸುವುದೇ ಸರಿ.

ಹೋಗುವವರು ಕಾರನ್ನು ಮೇಲಿನ ಊರಿನಲ್ಲೇ ಬಿಡಿ. ಅಂಕುಡೊಂಕು ಕಾಲುದಾರಿಯಲ್ಲಿ ನಡೆದು ಇಳಿಯಿರಿ, ರೈಲಿನ ಹಳಿಗಳ ಮೇಲಿನ ಸೇತುವೆಗಳಿಂದ ಡಬ್ಬಿಗಳು ಓಡಾಡುವುದನ್ನು ನೋಡಬಹುದು. ಹತ್ತುವುದನ್ನು ನೀರಿಗೆ ಬಿಡಿ. ಚಳಿಗಾಲದಲ್ಲಿ ರೈಲು ಇರುವುದಿಲ್ಲ. ಉಳಿದ ಕಾಲದಲ್ಲೂ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಇಳಿಯುವ ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಕಾಲೇ ಗತಿ.