ಸೀತಿ ಬೆಟ್ಟದ ತುದಿಯಲ್ಲಿ ಹತ್ತು ನಿಮಿಷ

"ಮಾಮಾ, ಇನ್ನು ನಾಲ್ಕೇ ನಿಮಿಷ!"

ಅಳಿಯ ಕೂಗಿದ್ದು ಗಾಳಿಯಲ್ಲಿ ಅರ್ಧ ಹಾರಿಹೋಯಿತು. ನಂದಿ ಬೆಟ್ಟದ ಕಡೆಯ ಆಕಾಶ ಕಪ್ಪಗೆ ಕವುಚಿಕೊಂಡಿದೆ. ವೇಮಗಲ್ ಪಕ್ಕದ ಸೀತಿ ಬೆಟ್ಟದ ನೆತ್ತಿ. ಮೇ ತಿಂಗಳ ಬಿಸಿಲು ಕುಡಿದ ಬಂಡೆ ಚಪ್ಪಲಿ ದಾಟಿ ಅಂಗಾಲು ಸುಡುತ್ತಿದೆ. ನನ್ನ ಎಡಗೈಯಲ್ಲಿ ಆಂಟೆನಾ, ಪಿವಿಸಿ ಪೈಪಿಗೆ ಅಳತೆ ಟೇಪಿನ ತುಂಡುಗಳನ್ನು ಬಿಗಿದು ಮನೆಯಲ್ಲೇ ಮಾಡಿದ ಯಾಗಿ. ಬಲಗೈಯಲ್ಲಿ ಐದು ವ್ಯಾಟಿನ ಹ್ಯಾಂಡಿ, ಅಂದರೆ ಕೈರೇಡಿಯೋ. ಅಳಿಯನ ಕೈಯಲ್ಲಿ ಮೊಬೈಲು, ಅದಕ್ಕೊಂದು ಒಟಿಜಿ ಕೇಬಲ್ಲು, ಅದರ ತುದಿಗೆ ಹೆಬ್ಬೆರಳುದ್ದದ ರೇಡಿಯೋ ಡಾಂಗಲ್. ಬ್ಯಾಟರಿ ನೂರಕ್ಕೆ ಹತ್ತೊಂಬತ್ತು. ಡಾಂಗಲಿಗೆ ಕರೆಂಟೂ ಅದೇ ಮೊಬೈಲಿನಿಂದಲೇ ಹೋಗಬೇಕು.

ಬರುತ್ತಿರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಎತ್ತರ ಸುಮಾರು 400 ಕಿ.ಮೀ., ವೇಗ ಗಂಟೆಗೆ ಸುಮಾರು 27,600 ಕಿ.ಮೀ. ಇವತ್ತಿನ ದಾರಿಯಲ್ಲಿ ಅದು ನಂದಿಯ ದಿಕ್ಕಿನಲ್ಲಿ ಎದ್ದು ಕೆಜಿಎಫ್ ದಿಕ್ಕಿನಲ್ಲಿ ಮುಳುಗುತ್ತದೆ. ಎದ್ದು ಮುಳುಗಲು ಹತ್ತು ನಿಮಿಷ, ಅಷ್ಟೇ. ಅದರೊಳಗಿನ ಹ್ಯಾಮ್ (ಹವ್ಯಾಸಿ ರೇಡಿಯೋ) ರಿಪೀಟರು 2020ರ ಸೆಪ್ಟೆಂಬರಿನಲ್ಲಿ ಬಾಯಿ ಬಿಟ್ಟಿತು. ಅದು ಚಾಲೂ ಇದ್ದಾಗ 145.990 ಮೆಗಾಹರ್ಟ್ಸ್‌ನಲ್ಲಿ, 67 ಹರ್ಟ್ಸ್ ಟೋನ್ ಸೇರಿಸಿ ನೀವಾಡಿದ ಮಾತನ್ನು 437.800ರಲ್ಲಿ ಮತ್ತೆ ನೆಲಕ್ಕೆ ಬಿಡುತ್ತದೆ. ಎರಡು ಸಾವಿರ ಕಿಲೋಮೀಟರು ಆಚೆಯವರಿಗೂ ಕೇಳುತ್ತದೆ. ಐದು ವ್ಯಾಟಿನಲ್ಲಿ!

ಆದರೆ 437.800ಕ್ಕೆ ಕಿವಿಗೊಟ್ಟು ಕೂತರೆ ಮಾತಿನ ಬದಲು ಬರೀ ಒಡಕು ಸದ್ದು. ನಿಲ್ದಾಣ ಎದುರು ನುಗ್ಗಿ ಬರುವಾಗ ಅದರ ಸಿಗ್ನಲು ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತದೆ, ದಾಟಿ ಹೋದ ಮೇಲೆ ಅಷ್ಟೇ ಕೆಳಗೆ. ಡಾಪ್ಲರನ ಕಾಟ. ನೆತ್ತಿಯ ಮೇಲಿಂದ ಹಾಯುವ ಒಂದೆರಡು ನಿಮಿಷಗಳಲ್ಲಂತೂ ಅದು ಸರ್ರನೆ ಜಾರುತ್ತದೆ. ಕಿವಿಯನ್ನೇ ನಂಬಿ ಗುಂಡಿ ತಿರುಗಿಸುವವನಿಗೆ ಸಿಗ್ನಲು ಎತ್ತ ಹೋಯಿತೆಂದೇ ತಿಳಿಯದು. ಅದಕ್ಕೇ ಅಳಿಯನ ಮೊಬೈಲಿನ ಈ ಪರದೆ. ಮೇಲರ್ಧದಲ್ಲಿ ಕುಣಿಯುವ ಸ್ಪೆಕ್ಟ್ರಮ್ ಗೆರೆ, ಕೆಳಗೆ ಸುರಿಯುವ ವಾಟರ್‌ಫಾಲ್. ಎರಡು ಮೆಗಾಹರ್ಟ್ಸ್ ಅಗಲದ ಆಕಾಶ ಅಂಗೈ ಮೇಲೆ! ಸಿಗ್ನಲು ಇದ್ದಲ್ಲಿ ಬಣ್ಣ ಉಕ್ಕುತ್ತದೆ. ನೋಡು, ಬೆರಳಿಡು, ಹಿಡಿ.

ಇಂಥ ಪರದೆ ಹಿಂದೆಲ್ಲ ಪ್ರಯೋಗಾಲಯದ ಸ್ವತ್ತು, ಲಕ್ಷಗಟ್ಟಲೆ ಬೆಲೆಯದ್ದು. ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾರುತ್ತಿದ್ದ ಅಗ್ಗದ ಡಾಂಗಲಿನ ಒಳಗಿನ ಆರ್‌ಟಿಎಲ್2832ಯು ಚಿಪ್ಪು ಹಸಿ ರೇಡಿಯೋ ಸ್ಯಾಂಪಲ್‌ಗಳನ್ನೇ ಹೊರಗೆ ಕೊಡಬಲ್ಲದು ಎಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಆಮೇಲೆ ಆಂಡ್ರಾಯ್ಡ್ ಆ್ಯಪ್‌ಗಳು ಬಂದವು. ಲ್ಯಾಪ್‌ಟಾಪು, ಕಾರಿನ ಬ್ಯಾಟರಿ ಹೊತ್ತು ಬೆಟ್ಟ ಹತ್ತುವ ಕಷ್ಟ ತಪ್ಪಿತು. ಈ ನಾಲ್ಕು ದಶಕಗಳಲ್ಲಿ ಹ್ಯಾಮ್‌ಗಳ ಕೈಗೆ ಬಂದ ಸಾಮಾನುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು.

"ಮಾಮಾ, ಗೆರೆ ಬಂತು!"

ಬಗ್ಗಿ ನೋಡಿದೆ. 437.8ರ ಆಚೀಚೆ ನಾಲ್ಕೈದು ಗೆರೆಗಳು. ಯಾವುದು ನಿಲ್ದಾಣ? ವೇಮಗಲ್ ಕೈಗಾರಿಕಾ ಪ್ರದೇಶ ಕೆಳಗೇ ಇದೆ, ನರಸಾಪುರದ ಕಾರ್ಖಾನೆಗಳೂ ದೂರವಲ್ಲ, ಅಲ್ಲಿಯ ರೇಡಿಯೋ ಗದ್ದಲವೂ ಗೆರೆಯಾಗಿ ಕಾಣುತ್ತದೆ. ಜೊತೆಗೆ ಡಾಂಗಲ್ಲೇ ಹುಟ್ಟಿಸುವ ಸುಳ್ಳು ಗೆರೆಗಳು. ಗುರುತು ಹಿಡಿಯಲು ಒಂದೇ ಉಪಾಯ: ನೆಟ್ಟಗೆ ಇಳಿಯುವ ಗೆರೆ ನೆಲದ್ದು, ವಾಲುವ ಗೆರೆ ಆಕಾಶದ್ದು. ಉಸಿರು ಬಿಗಿಹಿಡಿದೆವು. ಬಲಗಡೆ, 437.810ರ ಹತ್ತಿರ, ಮಸುಕು ಪಟ್ಟಿಯೊಂದು ಎಡಕ್ಕೆ ಬಾಗತೊಡಗಿತು.

"ಅದೇ! ಅದರ ಮೇಲೆ ಬೆರಳಿಡು!"

ಈ ಬೆಟ್ಟದಲ್ಲಿ ಬೆರಳಿನ ಮಾತು ಹಗುರವಲ್ಲ. ಭಸ್ಮಾಸುರನಿಗೆ ಹೆದರಿ ಅಡಗಿದ ಶಿವನನ್ನು ಒಕ್ಕಲಿಗನೊಬ್ಬ ಕಿರುಬೆರಳಲ್ಲಿ ತೋರಿಸಿಕೊಟ್ಟನಂತೆ. ಶಿವ ಆ ಬೆರಳನ್ನೇ ಕೇಳಿದಾಗ ಒಕ್ಕಲಿಗನ ಹೆಂಡತಿ ತನ್ನ ಎರಡು ಬೆರಳು ಕೊಡುತ್ತೇನೆಂದಳಂತೆ. ಮೊರಸು ಒಕ್ಕಲು ಹೆಂಗಸರು ಇಲ್ಲಿಯ ಭೈರವನಿಗೆ ಬೆರಳು ಒಪ್ಪಿಸುತ್ತಿದ್ದ ಪದ್ಧತಿ ಹಳೆಯ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದು ನಿಂತು ಎಷ್ಟೋ ಕಾಲವಾಯಿತು.

ಅಳಿಯ ಬೆರಳಿಟ್ಟ. ಒಡಕು ಸದ್ದಿನ ನಡುವಿನಿಂದ ಮನುಷ್ಯರ ದನಿ! ಯಾರೋ ತಮ್ಮ ಕರೆಸಂಕೇತ ಹೇಳುತ್ತಿದ್ದಾರೆ. ನಾನು ಹ್ಯಾಂಡಿಯ ಗುಂಡಿ ಒತ್ತಿದೆ.

ಪರದೆ ಇಡೀ ಬೆಳ್ಳಗಾಯಿತು. ನಿಲ್ದಾಣ ಮಾಯ.

145.990ನ್ನು ಮೂರರಿಂದ ಗುಣಿಸಿ: 437.970. ನಾನೇ ಬಿಡುತ್ತಿದ್ದ ಸಿಗ್ನಲಿನ ಮೂರನೇ ಹಾರ್ಮೋನಿಕ್ಕು, ಕೇಳಬೇಕಾದ ಜಾಗದ ಪಕ್ಕದಲ್ಲೇ ಬಂದು ಕೂತು ಡಾಂಗಲಿನ ಕಿವಿ ಕಿವುಡು ಮಾಡಿತ್ತು. ಇದು ಉಪಗ್ರಹ ಬೆನ್ನಟ್ಟುವವರಿಗೆಲ್ಲ ಗೊತ್ತಿರುವ ಪೀಡೆ. ಹ್ಯಾಂಡಿಗೂ ಆಂಟೆನಾಕ್ಕೂ ನಡುವೆ ಫಿಲ್ಟರ್ ಬೇಕು. ಅದು ಚೀಲದಲ್ಲಿದೆ, ಚೀಲ ಹತ್ತು ಮಾರು ದೂರದಲ್ಲಿದೆ. ಅಳಿಯ ಬಂಡೆಯಿಂದ ಬಂಡೆಗೆ ಜಿಗಿದು ಓಡಿದ. ಆಗಲೇ ಮಿಂಚಿತು.

ಎಣಿಸಿದೆ. ನಲವತ್ತಕ್ಕೆ ಗುಡುಗು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಅಂದರೆ ಹದಿಮೂರು ಕಿ.ಮೀ. ಆಚೆ. ಎಣಿಕೆ ಮೂವತ್ತರೊಳಗೆ ಬಂದರೆ ಇಳಿಯಲೇಬೇಕು. ಬೋಳು ಬೆಟ್ಟದ ನೆತ್ತಿಯಲ್ಲಿ ಲೋಹದ ಕಡ್ಡಿ ಎತ್ತಿ ಹಿಡಿದವನಿಗೆ ಅದಕ್ಕಿಂತ ದೊಡ್ಡ ಶಾಸನವಿಲ್ಲ.

ಫಿಲ್ಟರ್ ಬಂತು. ಸಿಕ್ಕಿಸಿದೆವು. ಐದನೇ ನಿಮಿಷ. ನಿಲ್ದಾಣ ನೆತ್ತಿಗೆ ಬಂದಿದೆ, ಗೆರೆ ಸರಸರ ಎಡಕ್ಕೆ ಓಡುತ್ತಿದೆ, ಅಳಿಯನ ಬೆರಳು ಅದರ ಹಿಂದೆ. ಅಷ್ಟರಲ್ಲಿ ಟಪ್ ಟಪ್ಪೆಂದು ನಾಲ್ಕು ದಪ್ಪ ಹನಿ! ಟಚ್ ಸ್ಕ್ರೀನಿಗೆ ಮಳೆಹನಿಯೂ ಬೆರಳೇ. ಹನಿಯೊಂದು ನಮ್ಮನ್ನು ಎಲ್ಲಿಗೋ ಎಸೆಯಿತು, ಇನ್ನೊಂದು ವಾಟರ್‌ಫಾಲನ್ನೇ ನಿಲ್ಲಿಸಿತು.

"ಮಾಮಾ, ನಂದಲ್ಲ, ಅದೇ ಒತ್ಕೊಂತಾ ಐತೆ!"

ಜೇಬಿನಲ್ಲಿ ಕಡಲೆಪುರಿ ತಂದ ಪ್ಲಾಸ್ಟಿಕ್ ಕವರಿತ್ತು. ಪುರಿ ಗಾಳಿಗೆ ಚೆಲ್ಲಿ, ಮೊಬೈಲನ್ನು ಅದರೊಳಗೆ ತೂರಿಸಿ, ಹೊರಗಿನಿಂದಲೇ ಒರೆಸಿ ಒತ್ತಿದ. ಬ್ಯಾಟರಿ ಏಳು. ಬಿಸಿಗೆ ಪರದೆ ತಾನಾಗಿ ಮಂಕಾಗಿದೆ. ಆದರೂ ಗೆರೆ ಕಾಣುತ್ತಿದೆ: 437.796. ಹಿಡಿದ.

ಗುಂಡಿ ಒತ್ತಿ ನನ್ನ ಕರೆಸಂಕೇತ ಕೂಗಿದೆ. ಈ ಸಲ ಪರದೆ ಬೆಳ್ಳಗಾಗಲಿಲ್ಲ. ಬದಲಿಗೆ, ನನ್ನದೇ ದನಿ ನಿಲ್ದಾಣ ಮುಟ್ಟಿ ವಾಪಸು ಬಂದ ಪಟ್ಟಿ ಕಣ್ಣೆದುರೇ ಅಗಲವಾಯಿತು! ಗುಂಡಿ ಬಿಟ್ಟೆ. ಒಂದು ಸೆಕೆಂಡು. ಎರಡು. "ಫೋರ್ ಎಸ್ ಸೆವೆನ್..." ಶ್ರೀಲಂಕಾ! ನನ್ನ ಸಂಕೇತ ಸರಿಯಾಗಿ ಹೇಳಿ, ತನ್ನದನ್ನು ಎರಡು ಸಲ ಹೇಳಿದ. ಗ್ರಿಡ್ (ನಕ್ಷೆಯ ಚೌಕದ ಸಂಕೇತ) ವಿನಿಮಯ, ಹ್ಯಾಮ್‌ಗಳ ಶುಭಾಶಯವಾದ ಎಪ್ಪತ್ಮೂರು, ಮುಗಿಯಿತು.

ಮಿಂಚು. ಎಣಿಕೆ ಇಪ್ಪತ್ತೆಂಟಕ್ಕೆ ನಿಂತಿತು.

"ಇಳಿ!"

ಇನ್ನೂ ಮೂರು ನಿಮಿಷ ನಿಲ್ದಾಣ ಆಕಾಶದಲ್ಲಿತ್ತು, ಇರಲಿ. ಆಂಟೆನಾವನ್ನು ತಲೆಗಿಂತ ಕೆಳಗೆ, ನೆಲಕ್ಕೆ ಅಡ್ಡ ಹಿಡಿದು ಓಡಿದೆ. ದೇವಸ್ಥಾನದ ಕಡೆಯಿಂದ ಕುರಿ ಹೊಡೆದುಕೊಂಡು ಇಳಿಯುತ್ತಿದ್ದ ತಾತ ಕಿರುಚಿದ: "ಆ ಕಬ್ಬಿಣ ಬಿಸಾಕ್ರಪ್ಪೋ!" ನೆನೆದ ಬಂಡೆ ಜಾರುತ್ತಿದೆ, ಗಾಳಿ ಬೆನ್ನಿಗೆ ಒದೆಯುತ್ತಿದೆ. ಎಣಿಕೆ ಹದಿನೈದು. ಅಳಿಯ ಮಂಡಿಯೂರಿ ಬಿದ್ದ, ಮೊಬೈಲು ಮಾತ್ರ ಎದೆಗವಚಿಕೊಂಡೇ ಎದ್ದ. ಎಣಿಕೆ ಆರು. ಮರದಡಿ ನಿಲ್ಲಲು ಹೋದವನನ್ನು ರಟ್ಟೆ ಹಿಡಿದೆಳೆದೆ. ಕಾರಿನ ಬಾಗಿಲು, ಒಳಗೆ, ಗಾಜು ಮೇಲಕ್ಕೆ. ಮುಚ್ಚಿದ ಕಾರಿನ ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕಿಳಿಸುತ್ತದೆ. ಮರುಕ್ಷಣ ಬೆಳಕೂ ಸದ್ದೂ ಒಟ್ಟಿಗೇ ಅಪ್ಪಳಿಸಿದವು. ಬೆಟ್ಟದ ಮೇಲೆಲ್ಲೋ ಬಿದ್ದಿತು.

ಉಸಿರು ಹದಕ್ಕೆ ಬಂದ ಮೇಲೆ ಅಳಿಯ ಕೇಳಿದ ಮೊದಲ ಪ್ರಶ್ನೆ: "ಮತ್ತೆ ಯಾವಾಗ ಬರ್ತೈತೆ?" ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ, ಆದರೆ ಮುಂದಿನ ಸುತ್ತು ನಮ್ಮಿಂದ ಪಶ್ಚಿಮಕ್ಕೆ ಸರಿದಿರುತ್ತದೆ ಎಂದೆ.

ಈ ಹವ್ಯಾಸಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟು. 2005ರ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹ 2014ರವರೆಗೆ ಹವ್ಯಾಸಿಗಳ ಮಾತು ಹೊತ್ತಿತು. 2025ರ ಜುಲೈ 4ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಇದೇ ನಿಲ್ದಾಣದಿಂದ ಹ್ಯಾಮ್ ರೇಡಿಯೋದಲ್ಲೇ ಮಾತಾಡಿದರು.

ನೀವೂ ಬೆಟ್ಟ ಹತ್ತುವುದಾದರೆ ಮಳೆಗಾಲ ಕಳೆಯಲಿ. ಡಾಂಗಲಿಗೆ ಬೇರೆ ಪವರ್ ಬ್ಯಾಂಕಿನಿಂದ ಕರೆಂಟು ಕೊಡುವ ವೈ-ಕೇಬಲ್ ಇರಲಿ, ಫಿಲ್ಟರ್ ಚೀಲದಲ್ಲಿ ಬೇಡ, ಕೇಬಲ್ಲಿಗೇ ಸಿಕ್ಕಿಸಿರಲಿ. ಗುಂಡಿ ಒತ್ತಿ ಮಾತಾಡಲು ಮಾತ್ರ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು. 12 ವರ್ಷ ತುಂಬಿದವರು ಬರೆಯಬಹುದು. ನನ್ನ ಅಳಿಯ ಈಗ ಅದಕ್ಕೇ ಓದುತ್ತಿದ್ದಾನೆ.